ಹಾಡಿಗೆ ಬಿದ್ದ ಮತ

ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಯು 1951ರ ಅಕ್ಟೋಬರಿನಲ್ಲಿ ಆರಂಭವಾಗಿ 1952ರ ಫೆಬ್ರವರಿಯಲ್ಲಿ ಸಮಾಪ್ತವಾಯಿತು. ಅಕ್ಷರಜ್ಞಾನವಿಲ್ಲದ ಕೋಟ್ಯಂತರ ಸ್ತ್ರೀಪುರುಷರು, ಅಭ್ಯರ್ಥಿಗೊಂದರಂತೆ ಇರಿಸಿದ್ದ ಪೆಟ್ಟಿಗೆಗಳ ಮೇಲಣ ಚಿಹ್ನೆಯನ್ನು ಗುರುತಿಸಿ, ತಮ್ಮ ತಮ್ಮ ಚೀಟಿಯನ್ನು ಹಾಕಿ ಬಂದರು. ತಮ್ಮ ಅಭಿಪ್ರಾಯವೂ ಎಣಿಕೆಗೆ ಬರತಕ್ಕ ವಸ್ತುವೆಂಬ ಅರಿವು ಈ ದೇಶದ ಅತಿ ಸಾಮಾನ್ಯನಿಗೂ ಆಗ ಪ್ರತ್ಯಕ್ಷವಾಯಿತು. ಅದೇ 1952ರ ಡಿಸೆಂಬರ್ 3ನೆಯ ತಾರೀಖು, ಬುಧವಾರ, ಸಮುದ್ರದಾಚೆಯ ಕೊಲಂಬೊ ನಗರದಿಂದ ಇನ್ನೊಂದು ಎಣಿಕೆ ಮೊದಲಾಯಿತು. ಅದಕ್ಕೆ ಶಾಸನದ ಆಧಾರವಿರಲಿಲ್ಲ, ಅಧಿಕಾರಿವರ್ಗದ ರಕ್ಷಣೆಯಿರಲಿಲ್ಲ. ಹಲ್ಲುಜ್ಜುವ ಪೇಸ್ಟನ್ನು ತಯಾರಿಸುತ್ತಿದ್ದ ಸೀಬಾ ಎಂಬ ಕಂಪೆನಿಯು ತನ್ನ ಬಿನಾಕಾ ಎಂಬ ಸರಕಿನ ಪ್ರಚಾರಾರ್ಥವಾಗಿ ಕೊಂಡುಕೊಂಡ ಅಲ್ಪ ಕಾಲವೇ ಅದರ ಸರ್ವಸ್ವ. ‘ಬಿನಾಕಾ ಗೀತಮಾಲಾ’ ಎಂಬ ಆ ಕಾರ್ಯಕ್ರಮವು ಹಿಂದೀ ಚಲಚ್ಚಿತ್ರಗಳ ಹಾಡುಗಳನ್ನು ಕೇಳುಗರ ಇಷ್ಟಾನುಸಾರವಾಗಿ ಒಂದರ ಕೆಳಗೊಂದು ನಿಲ್ಲಿಸುತ್ತ, ನಾನಾ ರೂಪಗಳಲ್ಲಿ, ನಾಲ್ಕು ದಶಕಗಳ ಕಾಲ ನಡೆಯಿತು. ಈ ದೇಶದಲ್ಲಿ ಹಾಡುಗಳ ತಾರತಮ್ಯವನ್ನು ಕುರಿತು ನಡೆದ ವಾದಗಳಲ್ಲಿ ಅಷ್ಟು ವಿಸ್ತಾರವಾದ, ಅಷ್ಟು ದೀರ್ಘವಾದ ವಾದ ಮತ್ತೊಂದಿಲ್ಲವೆಂದು ನನ್ನ ಭಾವನೆ. ಆದಕಾರಣ ಅದರ ಇತಿಹಾಸವನ್ನು ತುಸು ನಿಧಾನವಾಗಿ ನೋಡುವುದು ಯುಕ್ತ.

ಭಾರತದ ಹಾಡುಗಳಿಗೆ ಭಾರತೀಯರು ನೀಡುವ ಮತವನ್ನು ಸಿಂಹಳದಲ್ಲೇಕೆ ಎಣಿಸಬೇಕಾಯಿತು? ಇದಕ್ಕೆ ಕಾರಣಗಳೆರಡು: ಒಂದು ಯುದ್ಧ, ಇನ್ನೊಂದು ಒಬ್ಬ ಮಂತ್ರಿ.

ಎರಡನೆಯ ಮಹಾಯುದ್ಧದಲ್ಲಿ ಮೌಂಟ್‌ಬ್ಯಾಟನ್ನರ ಆಗ್ನೇಯ ಏಷ್ಯದ ಸೇನಾಧಿಪತ್ಯವು ಸಿಂಹಳದಲ್ಲಿ ನೆಲೆಮಾಡಿದಾಗ, ದೂರದ ರಣರಂಗಗಳಲ್ಲಿದ್ದ ಸೈನಿಕರಿಗೆ ವಾರ್ತೆಯನ್ನೂ ವಿನೋದವನ್ನೂ ಮುಟ್ಟಿಸುವ ಸಲುವಾಗಿ ಕೊಲಂಬೊದಲ್ಲಿ ‘ರೇಡಿಯೋ ಸೀಯಾಕ್’ ಎಂಬ ನಿಲಯ ಸ್ಥಾಪಿತವಾಯಿತು. ಅದರ ಹ್ರಸ್ವತರಂಗದ ಪ್ರೇಷಕವು 100 ಕಿಲೋವಾಟ್ ಸಾಮರ್ಥ್ಯವುಳ್ಳದ್ದು. ಯುದ್ಧ ಮುಗಿದ ಬಳಿಕ ಆ ಯಂತ್ರಸಾಮಗ್ರಿಯೆಲ್ಲ ಸಿಂಹಳದ ಸರಕಾರದ ವಶಕ್ಕೆ ಬಂದಿತು. 1949ರಲ್ಲಿ ‘ರೇಡಿಯೋ ಸಿಲೋನ್’ ಎಂಬ ಸಂಸ್ಥೆ ಹುಟ್ಟಿತು. ಮರುವರ್ಷ, ಕೊಲಂಬೊ ಯೋಜನೆಯ ಅಡಿಯಲ್ಲಿ ಬಂದ ಕ್ಲಿಫರ್ಡ್ ಡಾಡ್ ಎಂಬ ಆಸ್ಟ್ರೇಲಿಯದವರ ಮೇಲ್ವಿಚಾರಣೆಯಲ್ಲಿ ಅದರ ವಾಣಿಜ್ಯವಿಭಾಗ ಕೆಲಸವನ್ನಾರಂಭಿಸಿತು. ಸಣ್ಣದೊಂದು ದ್ವೀಪದ ಅಗತ್ಯಕ್ಕೆ ಮಿಗಿಲಾದ ಯಂತ್ರ, ಪಕ್ಕದಲ್ಲಿಯೇ ಹಾಡಿಗಾಗಿ ಹಾತೊರೆಯುವ ಮಹಾದೇಶ, ಆ ದೇಶದಲ್ಲಿ ಬಾನುಲಿಯ ಮೂಲಕ ಸರಕನ್ನು ಸಾರಲು ಅವಕಾಶವೇ ಇಲ್ಲದ ವ್ಯಾಪಾರಿಗಳು: ಈ ಮೂರೂ ಕೂಡಿದ ಮೇಲೆ ಮುಂದಿನದು ತಾನಾಗಿ ಒದಗಿತು.

ಮಂತ್ರಿಯ ವಿಷಯ ಇನ್ನೂ ಸ್ವಾರಸ್ಯವಾದದ್ದು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯನ್ನು ವಹಿಸಿಕೊಂಡು ಹತ್ತು ವರ್ಷ ಅದನ್ನು ನಡೆಸಿದ ಬಾಲಕೃಷ್ಣ ವಿಶ್ವನಾಥ ಕೇಸ್ಕರರು ಶಾಸ್ತ್ರೀಯ ಸಂಗೀತವನ್ನು ಅಭ್ಯಾಸ ಮಾಡಿದ್ದವರು; ಚಿತ್ರಗೀತೆಗಳು ಪಾಶ್ಚಾತ್ಯ ರಾಗಗಳ ಅನುಕರಣದಿಂದ ಜನರ ಅಭಿರುಚಿಯನ್ನು ಕೆಡಿಸುತ್ತಿವೆಯೆಂದು ಮನಸಾರೆ ನಂಬಿದ್ದವರು. ಅವರ ಆಡಳಿತದಲ್ಲಿ ಆಕಾಶವಾಣಿಯು ಚಿತ್ರಗೀತೆಗಳ ಕಾಲವನ್ನು ಕಡಿತ ಮಾಡಿತು. ಹಾಡಿನ ಸಂಗಡ ಚಿತ್ರದ ಹೆಸರು ಹೇಳಿದರೆ ಅದು ಪುಕ್ಕಟೆ ಜಾಹೀರಾತಾದೀತೆಂದು ಆ ಹೆಸರನ್ನೇ ಕೈಬಿಟ್ಟು ಗಾಯಕರ ಹೆಸರನ್ನು ಮಾತ್ರ ಉಳಿಸಿಕೊಂಡಿತು. ನಿರ್ಮಾಪಕರು ಮುನಿದರು, ಹಾಡುಗಳನ್ನು ಪ್ರಸಾರ ಮಾಡಲು ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡರು. ಹೀಗೆ, ಹಿಂದೀ ಚಿತ್ರಸಂಗೀತವು ತನ್ನ ಸೃಷ್ಟಿಶಕ್ತಿಯ ಶಿಖರವನ್ನು ಮುಟ್ಟಿದ್ದ ವರ್ಷಗಳಲ್ಲಿಯೇ, ನೌಷಾದ್, ಸಿ. ರಾಮಚಂದ್ರ, ಅನಿಲ್ ಬಿಸ್ವಾಸ್, ಶಂಕರ್-ಜೈಕಿಷನ್, ಸಚಿನ್ ದೇವ್ ಬರ್ಮನ್ ಮೊದಲಾದವರು ಒಬ್ಬರನ್ನೊಬ್ಬರು ಮೀರಿಸುವಂತೆ ರಾಗಸಂಯೋಜನೆ ಮಾಡುತ್ತಿದ್ದಾಗಲೇ, ಆ ಸಂಗೀತವು ಅದು ಹುಟ್ಟಿದ ದೇಶದ ಬಾನುಲಿಯಿಂದ ಬಹುಮಟ್ಟಿಗೆ ಮರೆಯಾಯಿತು. ಜನರು ಮುಳ್ಳು ತಿರುಗಿಸಿ 31 ಮೀಟರು, 41 ಮೀಟರುಗಳಲ್ಲಿ ಕೊಲಂಬೊವನ್ನು ಹುಡುಕಿಕೊಂಡರು.

ಕೇಸ್ಕರರನ್ನು ಹಾಡಿನ ಶತ್ರುವೆಂದು ಚಿತ್ರಿಸುವುದು ಈಚೆಗೆ ವಾಡಿಕೆಯಾಗಿದೆ. ಅದು ಪೂರ್ತಿ ನ್ಯಾಯವಲ್ಲ. ಸಂಸ್ಥಾನಗಳು ಕಣ್ಮರೆಯಾಗಿ, ದರಬಾರುಗಳ ಆಶ್ರಯ ತಪ್ಪಿ, ದೊಡ್ಡ ವಿದ್ವಾಂಸರೂ ಜೀವನೋಪಾಯಕ್ಕೆ ದಿಕ್ಕು ಕಾಣದಿದ್ದ ಸಮಯದಲ್ಲಿ, ಆಕಾಶವಾಣಿಯು ಅವರಿಗೆ ಕಛೇರಿಗಳನ್ನು, ಕೆಲವರಿಗೆ ಉದ್ಯೋಗಗಳನ್ನು ಒದಗಿಸಿತು. 1952ರಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವೂ 1954ರಲ್ಲಿ ಸಂಗೀತ ಸಮ್ಮೇಳನವೂ ಪ್ರಾರಂಭವಾದುವು. ಧಾರವಾಡದ ನಿಲಯದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದುದನ್ನು ನಾವು ಕನ್ನಡಿಗರು ಮರೆಯತಕ್ಕದ್ದಲ್ಲ. ಚಿತ್ರಗೀತೆಗೆ ಪ್ರತಿಯಾಗಿ ಸುಗಮ ಸಂಗೀತಕ್ಕೆ ಆಕಾಶವಾಣಿಯಿಂದ ದೊರೆತ ಪ್ರೋತ್ಸಾಹವು, ಬೇಂದ್ರೆಯವರ, ಕುವೆಂಪುರವರ ಕವಿತೆಗಳನ್ನು ರಾಗದಲ್ಲಿ ಕೇಳುವ ಅಭ್ಯಾಸವನ್ನು ನಮ್ಮಲ್ಲಿ ಬೆಳೆಸಿದುದಕ್ಕೂ ಒಂದು ಕಾರಣ. ಮಂತ್ರಿಗಳು ಕೊಟ್ಟದ್ದರಲ್ಲಿ ದೋಷವಿರಲಿಲ್ಲ. ಕೇಳುವವನ ಇಷ್ಟವನ್ನು ವಿಚಾರಿಸದೆ ಅವನಿಂದ ಕಿತ್ತುಕೊಂಡದ್ದರಲ್ಲಿ ಇತ್ತು. ಅಭಿರುಚಿಯನ್ನು ಬೆಳೆಸಬಹುದು, ಆಜ್ಞಾಪಿಸಲಾಗದು. ದೇಶದ ಆಡಳಿತವನ್ನು ಯಾರಿಗೆ ವಹಿಸಬೇಕೆಂಬುದನ್ನು ತಿಳಿಯಬಲ್ಲನೆಂದು ಯಾವ ಪ್ರಜೆಯನ್ನು ಸಂವಿಧಾನವು ನಂಬಿತೋ, ಆ ಪ್ರಜೆಗೆ ಸಂಜೆ ಯಾವ ಹಾಡನ್ನು ಕೇಳಬೇಕೆಂಬುದು ತಿಳಿಯದೆಂದು ಮೊದಲ ಚುನಾವಣೆ ಮುಗಿದ ವರ್ಷದಲ್ಲಿಯೇ ಆಡಳಿತವು ಭಾವಿಸಿತಲ್ಲ, ಆ ವೈಷಮ್ಯ ನನ್ನನ್ನು ಬಹಳವಾಗಿ ಕಾಡಿದೆ.

ಗೀತಮಾಲೆಯ ಧ್ವನಿಯಾದವರು ಅಮೀನ್ ಸಯಾನಿ. ಆರಂಭಕಾಲಕ್ಕೆ ಇಪ್ಪತ್ತು ತುಂಬಲು ಇನ್ನೂ ಕೆಲವು ದಿನಗಳಿದ್ದ ಮುಂಬಯಿಯ ತರುಣ. ಅವರ ತಾಯಿ ಕುಲ್ಸುಮ್ ಸಯಾನಿಯವರು ಗಾಂಧೀಜಿಯವರ ಪ್ರೇರಣೆಯಿಂದ, ಹೊಸದಾಗಿ ಅಕ್ಷರ ಕಲಿತವರಿಗಾಗಿ, ನಾಗರಿ, ಉರ್ದು, ಗುಜರಾತಿ ಈ ಮೂರು ಲಿಪಿಗಳಲ್ಲಿ ‘ರಹಬರ್’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದರು; ಅದರ ಕೆಲಸದಲ್ಲಿ ನೆರವಾಗುತ್ತಿದ್ದ ಮಗನಿಗೆ, ಪಂಡಿತರ ಸಂಸ್ಕೃತಭೂಯಿಷ್ಠವಾದ ಹಿಂದಿಯೂ ಅಲ್ಲದ, ಮೌಲ್ವಿಗಳ ಪಾರಸೀಭೂಯಿಷ್ಠವಾದ ಉರ್ದುವೂ ಅಲ್ಲದ, ಸಂತೆಯಲ್ಲಿಯೂ ಮನೆಯಲ್ಲಿಯೂ ಸಲ್ಲುವ ತಿಳಿಯಾದ ಹಿಂದುಸ್ತಾನಿ ಒಲಿದುಬಂದಿತ್ತು. ಕೇಳುಗರನ್ನು ಸಂಬೋಧಿಸುವಾಗ ಅವರು ಸೋದರಿಯರನ್ನು ಮೊದಲು ಕರೆದು ಸೋದರರನ್ನು ಆಮೇಲೆ ಕರೆದರು. ಮುಂಬಯಿಯಲ್ಲಿ ಧ್ವನಿಮುದ್ರಣವಾಗಿ ವಿಮಾನದ ಮೂಲಕ ಕೊಲಂಬೊಗೆ ಹೋಗಿ ಅಲ್ಲಿಂದ ಅಲೆಯೇರಿ ಮತ್ತೆ ಭಾರತಕ್ಕೆ ಬರುತ್ತಿದ್ದ ಈ ಕಾರ್ಯಕ್ರಮಕ್ಕೆ ಬರೆಯುವುದು, ನುಡಿಯುವುದು, ಬಂದ ಕಾಗದಗಳನ್ನು ಪರಿಶೀಲಿಸುವುದು, ಎಲ್ಲ ಸೇರಿ ಆಗ ಅವರಿಗೆ ವಾರಕ್ಕೆ 25 ರೂಪಾಯಿ ದೊರೆಯುತ್ತಿತ್ತು.

ಮೊದಮೊದಲು ಅದು ಒಂದು ಸ್ಪರ್ಧೆ. ಏಳು ಹೊಸ ಹಾಡುಗಳನ್ನು ಯಾವ ಕ್ರಮವೂ ಇಲ್ಲದೆ ಕೇಳಿಸಿ, ಅವುಗಳನ್ನು ಜನಪ್ರಿಯತೆಯ ಕ್ರಮದಲ್ಲಿ ಜೋಡಿಸಿ ಬರೆಯಿರೆಂದು ಕೇಳುಗರನ್ನು ಕೋರಲಾಗುತ್ತಿತ್ತು. ಸರಿಯಾಗಿ ಬರೆದವರಿಗೆ ನೂರು ರೂಪಾಯಿಯ ಬಹುಮಾನ. ಅಲ್ಪಸ್ವಲ್ಪ ಕಾಗದಗಳು ಬಂದಾವೆಂದು ನಿರೀಕ್ಷಿಸಿದ್ದವರಿಗೆ ಮೊದಲ ಕಾರ್ಯಕ್ರಮಕ್ಕೇ 9,000 ಕಾಗದಗಳು ಬಂದುವು. ಕೆಲಕಾಲದಲ್ಲಿಯೇ ವಾರಕ್ಕೆ 65,000ದವರೆಗೆ ಏರಿದುವೆಂದು ಸಯಾನಿಯವರೇ ಅನೇಕ ಸಂದರ್ಭಗಳಲ್ಲಿ ಹೇಳಿದ್ದಾರೆ. ಅಷ್ಟನ್ನು ಒಡೆದು ಓದಿ ತಾಳೆ ನೋಡುವುದು ಮನುಷ್ಯಸಾಧ್ಯವಲ್ಲ. ಆದ್ದರಿಂದಲೇ 1954ರ ಕೊನೆಯ ಹೊತ್ತಿಗೆ ಸ್ಪರ್ಧೆಯನ್ನು ಬಿಟ್ಟು, ವಾರವಾರವೂ ಹಾಡುಗಳನ್ನು ಕೆಳಗಿನ ಸ್ಥಾನದಿಂದ ಮೇಲಕ್ಕೆ ಏರಿಸುತ್ತ ಹೋಗುವ ಶ್ರೇಣಿಯ ಪದ್ಧತಿಯನ್ನು ಕೈಗೊಂಡರು. ಒಂದೊಂದು ಸ್ಥಾನಕ್ಕೆ ‘ಪಾಯ್‌ದಾನ್’ ಎಂದು ಹೆಸರು. ಬಹುಕಾಲ ಶ್ರೇಣಿಯಲ್ಲಿ ನಿಂತು ನಿಯಮಿತ ವಾರಗಳನ್ನು ಪೂರೈಸಿದ ಹಾಡಿಗೆ ಕಹಳೆಯ ಮೊಳಗಿನೊಡನೆ ‘ಸರ್ತಾಜ್’ ಎಂಬ ಬಿರುದನ್ನು ಕೊಟ್ಟು ಗೌರವದಿಂದ ಬೀಳ್ಕೊಡುವ ಪದ್ಧತಿಯೂ ಬೆಳೆಯಿತು.

ಕಾಗದ ಬರೆದವರು ಯಾರು? ಮಹಾನಗರಗಳವರು ಬರೆದರು, ನಿಜ. ಆದರೆ ಈ ಇತಿಹಾಸದಲ್ಲಿ ಚಿರಸ್ಥಾಯಿಯಾಗಿ ನಿಂತ ಊರು ಆಗಿನ ಬಿಹಾರದ ಹಜಾರಿಬಾಗ್ ಜಿಲ್ಲೆಯ ಝುಮ್ರಿ ತಿಲೈಯಾ. ಅಭ್ರಕದ ಗಣಿಗಳಿಂದ ಬಾಳುತ್ತಿದ್ದ ಸಣ್ಣ ಪಟ್ಟಣ. ದಾಮೋದರ ಕಣಿವೆಯ ಯೋಜನೆಯ ಮೊಟ್ಟಮೊದಲ ಅಣೆಕಟ್ಟು 1953ರಲ್ಲಿ ಅದರ ಸಮೀಪದಲ್ಲಿಯೇ ಆಯಿತು. ಆ ಊರಿನ ಅಭ್ರಕದ ವ್ಯಾಪಾರಿಗಳು, ಅಂಗಡಿಕಾರರು, ಕೂಲಿಗಳು ತಮ್ಮ ಮೆಚ್ಚಿನ ಹಾಡುಗಳನ್ನು ಕೋರಿ ಎಷ್ಟು ಕಾರ್ಡುಗಳನ್ನು ಬರೆದರೆಂದರೆ, ಬಾನುಲಿಯಲ್ಲಿ ಪದೇ ಪದೇ ಆ ಹೆಸರನ್ನು ಕೇಳಿದ ದೇಶದ ಇತರ ಭಾಗಗಳ ಜನ ಅಂತಹ ಊರೊಂದು ನಿಜವಾಗಿ ಇದೆಯೇ ಅಥವಾ ಅದು ಕಲ್ಪನೆಯೇ ಎಂದು ಸಂಶಯಪಟ್ಟರು. ತನ್ನ ಹೆಸರೂ ತನ್ನ ಊರಿನ ಹೆಸರೂ ಆಕಾಶಮಾರ್ಗವಾಗಿ ದೇಶದೇಶಗಳಿಗೆ ಕೇಳಿಸುತ್ತದೆಂಬುದರಲ್ಲಿ, ಪತ್ರಿಕೆಯಲ್ಲಿಯೂ ನಕಾಶೆಯಲ್ಲಿಯೂ ಸ್ಥಾನ ಪಡೆಯದ ಮನುಷ್ಯನಿಗೆ ಎಷ್ಟು ದೊಡ್ಡ ಮನ್ನಣೆಯಿತ್ತೆಂಬುದನ್ನು ನಾವು ಲಘುವಾಗಿ ಕಾಣಬಾರದು. ಊರೂರಿನಲ್ಲಿ ಕೇಳುಗರ ಸಂಘಗಳು ಏರ್ಪಟ್ಟುವು. ಅವುಗಳ ಸದಸ್ಯರು ವಾರಕ್ಕೊಮ್ಮೆ ಸೇರಿ, ಹಾಡುಗಳ ಗುಣಾವಗುಣಗಳನ್ನು ಚರ್ಚಿಸಿ, ತಮ್ಮ ತೀರ್ಮಾನವನ್ನು ಬರೆದು ಕಳುಹುತ್ತಿದ್ದರು. ಹಾಡಿನ ಸಾಹಿತ್ಯವೋ ರಾಗವೋ ಕಂಠವೋ ಯಾವುದು ಮುಖ್ಯವೆಂಬ ಪ್ರಶ್ನೆಯನ್ನು, ಅಲಂಕಾರಶಾಸ್ತ್ರದ ಗಂಧವೇ ಇಲ್ಲದ ಜನ ತಮ್ಮದೇ ಮಾತಿನಲ್ಲಿ ಎತ್ತಿ ತಮ್ಮದೇ ಮಾತಿನಲ್ಲಿ ಉತ್ತರಿಸಿಕೊಂಡರು.

ಎಣಿಕೆಯ ಕ್ರಮವನ್ನು ಕುರಿತು ಒಂದೆರಡು ಮಾತು ಅವಶ್ಯ. ಶ್ರೇಣಿಗೆ ಮೊದಲ ಆಧಾರ ಗ್ರಾಮಫೋನ್ ತಟ್ಟೆಗಳ ಮಾರಾಟ. ಮುಖ್ಯ ನಗರಗಳ ಅಂಗಡಿಗಳಿಂದ ವಾರವಾರವೂ ವರದಿ ಬರುತ್ತಿತ್ತು. ಆದರೆ ಅತ್ಯಂತ ಬೇಡಿಕೆಯುಳ್ಳ ತಟ್ಟೆ ಅಂಗಡಿಯಲ್ಲಿ ಮುಗಿದುಹೋದರೆ, ಮಾರಾಟದ ಲೆಕ್ಕದಲ್ಲಿ ಅದು ಇದ್ದಕ್ಕಿದ್ದಂತೆ ಕೆಳಗಿಳಿಯುತ್ತದೆ; ಜನ ಅದನ್ನು ಕೇಳಿಕೊಂಡು ಬಂದು ಬರಿಗೈಯಲ್ಲಿ ಹಿಂದಿರುಗಿದುದು ಲೆಕ್ಕಕ್ಕೆ ಬಾರದು. ಇದನ್ನು ಸರಿತೂಗಿಸಲೆಂದು ಕೇಳುಗರ ಸಂಘಗಳ ತೀರ್ಪನ್ನೂ ಸೇರಿಸಿಕೊಳ್ಳಲಾಯಿತು. ನಿರ್ಮಾಪಕರು ತಮ್ಮ ಚಿತ್ರದ ತಟ್ಟೆಗಳನ್ನು ತಾವೇ ಕೊಂಡು ಹಾಡನ್ನು ಮೇಲೇರಿಸುತ್ತಾರೆಂದೂ, ಸಂಘಗಳ ಹೆಸರಿನಲ್ಲಿ ಸುಳ್ಳು ಕಾಗದಗಳು ಬರುತ್ತವೆಂದೂ ಆಪಾದನೆಗಳು ಕೇಳಿಬರದೆ ಇರಲಿಲ್ಲ. ಮತವಿರುವಲ್ಲಿ ಮತವನ್ನು ಕೊಳ್ಳುವ ಆಸೆಯೂ ಇರುತ್ತದೆ. ಅದಕ್ಕಿಂತ ಗಂಭೀರವಾದ ನ್ಯೂನತೆಯನ್ನು ನಾನು ಬೇರೆಡೆಯಲ್ಲಿ ಕಾಣುತ್ತೇನೆ: ತಟ್ಟೆಯನ್ನು ಕೊಳ್ಳಲು ಹಣವಿಲ್ಲದ, ಕಾರ್ಡನ್ನು ಬರೆಯಲು ಅಕ್ಷರವಿಲ್ಲದ, ನೆರೆಮನೆಯ ಗೋಡೆಯಾಚೆಯಿಂದಲೋ ಹೋಟೆಲಿನ ಬಾಗಿಲಿನಿಂದಲೋ ಹಾಡನ್ನು ಕೇಳಿ ಕಂಠಸ್ಥ ಮಾಡಿಕೊಂಡ ಅಸಂಖ್ಯಾತರಿಗೆ ಈ ಚುನಾವಣೆಯಲ್ಲಿ ಮತವಿರಲಿಲ್ಲ. ಮಹಾಚುನಾವಣೆಯ ಚಿಹ್ನೆಗಳಂತಹ ಉಪಾಯ ಇಲ್ಲಿ ಇರಲಿಲ್ಲ. ಸೋದರಿಯರನ್ನು ಮೊದಲು ಕರೆದ ಕಾರ್ಯಕ್ರಮಕ್ಕೆ ಆ ಸೋದರಿಯರಲ್ಲಿ ಎಷ್ಟು ಮಂದಿ ಉತ್ತರ ಬರೆಯಬಲ್ಲವರಾಗಿದ್ದರು?

ವರ್ಷಾಂತ್ಯದ ಕಾರ್ಯಕ್ರಮವೇ ಮಹೋತ್ಸವ. ವಾರವಾರದ ಅಂಕಗಳನ್ನೆಲ್ಲ ಕೂಡಿ ಆ ವರ್ಷದ ಪ್ರಥಮ ಗೀತೆ ಯಾವುದೆಂದು ಆಗ ಸಾರುತ್ತಿದ್ದರು. 1953ರಲ್ಲಿ ಆ ಸ್ಥಾನ ‘ಅನಾರ್ಕಲಿ’ಯಲ್ಲಿ ಲತಾ ಮಂಗೇಶ್ಕರ್ ಹಾಡಿದ, ಸಿ. ರಾಮಚಂದ್ರರ ಗೀತೆಗೆ ಸಂದಿತು. 1955ರಲ್ಲಿ ‘ಶ್ರೀ 420’ರಲ್ಲಿ ಮುಕೇಶರು ಹಾಡಿದ, ಅಲೆಮಾರಿಯ ಜೋಡು, ಷರಾಯಿ, ಟೋಪಿಗಳನ್ನು ವರ್ಣಿಸುವ ಶೈಲೇಂದ್ರರ ಗೀತೆಗೆ. ಇವೆರಡನ್ನು ಕುರಿತು ಇಂದಿಗೂ ವಾದವಿಲ್ಲ. ವಾದವಿರುವುದು 1957ನ್ನು ಕುರಿತು, ಅದರಲ್ಲಿ ತುಸು ನಿಲ್ಲಬೇಕು.

1957 ಹಿಂದೀ ಚಿತ್ರಸಂಗೀತದಲ್ಲಿ ಅಸಾಧಾರಣ ವರ್ಷ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರ ‘ಪ್ಯಾಸಾ’, ನೌಷಾದರ ಸಂಗೀತದ ‘ಮದರ್ ಇಂಡಿಯಾ’, ಓ. ಪಿ. ನಯ್ಯರರ ‘ನಯಾ ದೌರ್’, ಇವೆಲ್ಲವೂ ಆ ಒಂದೇ ವರ್ಷದವು. ‘ಪ್ಯಾಸಾ’ದಲ್ಲಿ ಸಾಹಿರ್ ಲುಧಿಯಾನವಿಯವರ ಸಾಹಿತ್ಯವೂ ಬರ್ಮನ್ನರ ಸಂಯಮಪೂರ್ಣವಾದ ಸಂಗೀತವೂ ಒಂದನ್ನೊಂದು ಮುಟ್ಟಿ ಬೆಳಗಿದ ರೀತಿಯನ್ನು ಈಗ ಯಾರು ಕೊಂಡಾಡುವುದಿಲ್ಲ? ಆದರೆ ಆ ವರ್ಷದ ಶ್ರೇಣಿಯ ತುದಿಯಲ್ಲಿ ನಿಂತದ್ದು ಇವುಗಳಲ್ಲಿ ಯಾವುದೂ ಅಲ್ಲ. ‘ಜನಮ್ ಜನಮ್ ಕೇ ಫೇರೇ’ ಎಂಬ, ಪೌರಾಣಿಕ ಭಕ್ತಿಚಿತ್ರಗಳ ವರ್ಗಕ್ಕೆ ಸೇರಿದ, ಆಡಂಬರವಿಲ್ಲದ ಚಿತ್ರದಲ್ಲಿ ಮೊಹಮ್ಮದ್ ರಫಿ ಮತ್ತು ಲತಾ ಮಂಗೇಶ್ಕರ್ ಹಾಡಿದ ಯುಗಳಗೀತೆ. ಸಾಹಿತ್ಯ ಭರತ್ ವ್ಯಾಸರದು, ಸಂಗೀತ ಎಸ್. ಎನ್. ತ್ರಿಪಾಠಿಯವರದು. ಮರೆಯಲ್ಲಿ ನಿಂತಿರುವ ಪ್ರಿಯನನ್ನು ಎದುರಿಗೆ ಬಾರೆಂದು ಕರೆಯುವ ಆ ಹಾಡು ಪ್ರೇಮಗೀತೆಯೂ ಹೌದು, ಅಂತರ್ಯಾಮಿಯನ್ನು ಹುಡುಕುವ ಭಜನೆಯೂ ಹೌದು; ಬಾಲಕರಿಂದ ವೃದ್ಧರವರೆಗೆ ಯಾರೂ ಸಂಕೋಚವಿಲ್ಲದೆ ಹಾಡಬಹುದಾದದ್ದು. ದೊಡ್ಡ ಊರುಗಳ ವಿಮರ್ಶಕರ ಬಾಯಲ್ಲಿ ಯಾವ ಸಂಗೀತಗಾರನ ಹೆಸರು ಅಪರೂಪವಾಗಿತ್ತೋ, ಆತನನ್ನು ಸಣ್ಣ ಊರುಗಳ ಕೇಳುಗರು ಮೇಲಕ್ಕೆತ್ತಿದರೆಂದು ನಾನು ಊಹಿಸುತ್ತೇನೆ.

ಜನರ ಎಣಿಕೆ ತಪ್ಪಿತೆಂದು ಇದರಿಂದ ವಾದಿಸುವವರುಂಟು; ‘ಪ್ಯಾಸಾ’ ಉಳಿಯಿತು, ಇದು ಮರೆಯಾಯಿತು ಎನ್ನುತ್ತಾರೆ. ನಾನು ಒಪ್ಪಲಾರೆ. ಮೊದಲನೆಯದಾಗಿ, ಆ ಗೀತೆ ಮರೆತುಹೋಗಿಲ್ಲ. ಎರಡನೆಯದಾಗಿ, ಕಾಲದ ತೀರ್ಪು ಎಂದು ನಾವು ಕರೆಯುವುದರಲ್ಲಿ ಚಿತ್ರದ ಕೀರ್ತಿ, ನಿರ್ದೇಶಕನ ದುರಂತಜೀವನ, ವಿಮರ್ಶಕರ ಬರೆಹ, ಚಲಚ್ಚಿತ್ರೋತ್ಸವಗಳ ಮರುಪ್ರದರ್ಶನ ಎಲ್ಲವೂ ಬೆರೆತಿವೆ. ಅದು ಶುದ್ಧವಾಗಿ ಹಾಡಿಗೆ ಬಿದ್ದ ಮತವಲ್ಲ. 1957ರ ಕೇಳುಗನಿಗಾದರೋ ಇವಾವುದೂ ಅಡ್ಡಬರಲಿಲ್ಲ. ಚಿತ್ರವನ್ನು ಕಾಣದೆ, ಮೂರು ಚಿಲ್ಲರೆ ನಿಮಿಷದ ಧ್ವನಿಯನ್ನಷ್ಟೇ ಕೇಳಿ ಅವನು ಬೆಲೆ ಕಟ್ಟಿದನು. 1960ರಲ್ಲಿಯೂ ಹೀಗೆಯೇ ಆಯಿತು: ‘ಮುಘಲ್-ಎ-ಆಜಮ್’ನ ವೈಭವವೆಲ್ಲ ಎದುರಿಗಿದ್ದರೂ ಪ್ರಥಮ ಸ್ಥಾನ ‘ಬರ್ಸಾತ್ ಕೀ ರಾತ್’ ಚಿತ್ರದ ರೋಷನ್ನರ ಗೀತೆಗೆ ಹೋಯಿತು. ಸ್ವಭಾವತಃ ಮೃದುವಾದ, ಪ್ರಚಾರಕ್ಕೆ ಹಿಂಜರಿಯುವ ರೋಷನ್ನರ ಸಂಗೀತಕ್ಕೆ ಆ ಮನ್ನಣೆಯನ್ನು ತಂದದ್ದು ಕೇಳುಗರ ಎಣಿಕೆಯಲ್ಲದೆ ಬೇರಾವುದಿದ್ದೀತು?

ಕನ್ನಡನಾಡಿಗೆ ಈ ಹಾಡುಗಳು ಪರಕೀಯವಾಗಿರಲಿಲ್ಲ. 1956ರ ನವೆಂಬರಿಗೆ ಮುನ್ನ ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ, ಧಾರವಾಡ, ವಿಜಾಪುರಗಳಿಗೂ, ಹೈದರಾಬಾದಿಗೆ ಸೇರಿದ್ದ ಕಲಬುರ್ಗಿ, ಬೀದರ, ರಾಯಚೂರುಗಳಿಗೂ ಹಿಂದುಸ್ತಾನಿಯ ಪರಿಚಯ ಬಳಕೆಯಿಂದಲೇ ಇತ್ತು. ಹೋಟೆಲಿನ ಗಲ್ಲಾದ ಮೇಲಣ ರೇಡಿಯೋ ಪೆಟ್ಟಿಗೆಯ ಸುತ್ತ ಬುಧವಾರ ರಾತ್ರಿ ಎಂಟಕ್ಕೆ ಸೇರುತ್ತಿದ್ದ ತರುಣರು, ಈ ವಾರ ಯಾವ ಹಾಡು ಏರಿತು, ಯಾವುದು ಇಳಿಯಿತು ಎಂದು ನೋಟುಪುಸ್ತಕಗಳಲ್ಲಿ ಬರೆದುಕೊಳ್ಳುತ್ತಿದ್ದರು. ಅದೇ ರೇಡಿಯೋ ಸಿಲೋನ್ ದಕ್ಷಿಣದ ಭಾಷೆಗಳ ಚಿತ್ರಗೀತೆಗಳಿಗೂ, ನಮ್ಮ ಕನ್ನಡದವಕ್ಕೂ, ಕೊಂಚ ಕಾಲವನ್ನು ಮೀಸಲಿಟ್ಟಿತ್ತು. ಮೈಸೂರಿನಲ್ಲಿ 1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ನಿಲಯವನ್ನು ಸ್ಥಾಪಿಸಿ, ಮುಂದೆ ಇಡೀ ದೇಶದ ಬಾನುಲಿಗೆ ಸಂದ ‘ಆಕಾಶವಾಣಿ’ ಎಂಬ ಹೆಸರನ್ನಿಟ್ಟರು. ಆ ಹೆಸರಿನ ನಾಡಿನವರೇ ತಮ್ಮ ಭಾಷೆಯ ಚಿತ್ರಗೀತೆಗಾಗಿ ಕೊಲಂಬೊಗೆ ಕಿವಿಗೊಡಬೇಕಾಯಿತೆಂಬುದು ನೋವಿನ ಸಂಗತಿ.

ಆಡಳಿತ ಕಡೆಗೆ ಮಣಿಯಿತು. 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ ಪ್ರಾರಂಭವಾಯಿತು. ಅದರ ರೂಪರೇಷೆಯನ್ನು ಹಾಕಿದವರು ಕವಿ ಪಂಡಿತ ನರೇಂದ್ರ ಶರ್ಮರು. 1967ರ ನವೆಂಬರಿನಿಂದ ಅದರಲ್ಲಿ ಜಾಹೀರಾತಿಗೂ ಎಡೆ ದೊರೆಯಿತು. ಕೇಳುಗರ ಕೋರಿಕೆಯ ಕಾರ್ಡುಗಳು ಈಗ ಸಮುದ್ರವನ್ನು ದಾಟಬೇಕಾಗಿರಲಿಲ್ಲ. 1989ರಲ್ಲಿ ಗೀತಮಾಲೆಯೂ ಕೊಲಂಬೊವನ್ನು ಬಿಟ್ಟು ವಿವಿಧ ಭಾರತಿಗೆ ಬಂದು, 1994ರವರೆಗೆ ನಡೆದು, ಒಮ್ಮೆ ನಿಂತಿತು.

ಅದರ ವಾರ್ಷಿಕ ಪಟ್ಟಿಗಳು ಮಾತ್ರ ರಸಿಕರಲ್ಲಿ ಉಳಿದಿವೆ. ಐವತ್ತರ ದಶಕ ಮೇಲೋ ಅರವತ್ತರದು ಮೇಲೋ ಎಂದು ವಾದಿಸುವವರು ಅವನ್ನು ಸಾಕ್ಷಿಯಾಗಿ ಎದುರಿಗಿಟ್ಟುಕೊಳ್ಳುತ್ತಾರೆ. ಕನ್ನಡ ಚಿತ್ರಗೀತೆಗಳಿಗೆ ಅಷ್ಟು ದೀರ್ಘಕಾಲ ವಾರವಾರವೂ ಬರೆದಿಟ್ಟ ಲೆಕ್ಕ ಒದಗಲಿಲ್ಲ. ಜಿ. ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರರ ಸಂಗೀತವನ್ನು, ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿಯವರ ಕಂಠವನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆಗಳು ಬಹುಪಾಲು ನೆನಪನ್ನೇ ನೆಮ್ಮಿವೆ. ‘ಸಂಧ್ಯಾರಾಗ’ದ ಹಾಡುಗಳನ್ನು 1966ರ ಜನ ಹೇಗೆ ಸ್ವಾಗತಿಸಿದರೆಂಬುದಕ್ಕೆ ಹಿರಿಯರ ಮಾತಲ್ಲದೆ ಬೇರೆ ದಾಖಲೆಯನ್ನು ತೋರಿಸುವುದು ಕಷ್ಟ. ಆದರೆ ಸಾಮಗ್ರಿ ಪೂರ್ತಿ ನಾಶವಾಗಿದೆಯೆಂದು ನಾನು ನಂಬಲಾರೆ. ಬೆಂಗಳೂರು, ಧಾರವಾಡ, ಭದ್ರಾವತಿ, ಕಲಬುರ್ಗಿ, ಮಂಗಳೂರು ನಿಲಯಗಳಿಗೆ ಕೋರಿಕೆಯ ಕಾರ್ಡು ಬರೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಹಾಡಿನ ಹೆಸರುಗಳನ್ನು ಬರೆದಿಟ್ಟ ನೋಟುಪುಸ್ತಕಗಳು ಎಷ್ಟೋ ಮನೆಗಳ ಅಟ್ಟದ ಮೇಲೆ ಇದ್ದಾವು. ಜಾನಪದ ಗೀತೆಗಳನ್ನು ಸಂಗ್ರಹಿಸಲು ಹಿಂದಿನವರು ಹಳ್ಳಿಹಳ್ಳಿಗೆ ಹೋದ ಶ್ರದ್ಧೆಯಲ್ಲಿ ಒಂದಂಶವನ್ನು ನಮ್ಮ ವಿಶ್ವವಿದ್ಯಾನಿಲಯಗಳು ಈ ಕಡೆಗೂ ತಿರುಗಿಸಿ, ಯಾವ ಹಾಡನ್ನು ಕೋರಿದಿರಿ, ಯಾವ ವರ್ಷ, ಯಾರ ಯಾರ ಹೆಸರು ಸೇರಿಸಿ ಬರೆದಿರಿ, ಬರೆಯಲು ಬಾರದ ಮನೆಯವರು ಯಾವ ಹಾಡನ್ನು ಕೇಳಬಯಸಿದ್ದರು ಎಂಬಿಷ್ಟನ್ನು ಆ ಹಿರಿಯರಿಂದ ಕೇಳಿ ಬರೆದುಕೊಳ್ಳುವ ಕೆಲಸವನ್ನು ಬೇಗನೆ ಕೈಗೊಳ್ಳಬೇಕು.